ಕಡಲ ಸೊಪ್ಪು, ಕೊಡಗಿನ ಕಿತ್ತಳೆ

ಹೋದ ಮಳೆಗಾಲದಲ್ಲಿ, ಕಕ್ಕಡ ಮಾಸದ ಜಡಿಮಳೆ ಮಡಿಕೇರಿಯ ಮೇಲೆ ಬಿಡದೆ ಸುರಿಯುತ್ತಿದ್ದ ಒಂದು ಸಂಜೆ, ಐದು ವರ್ಷದ ನನ್ನ ಮಗಳು ಶಾಲೆಯಿಂದ ಒಂದು ಚೀಟಿಯನ್ನು ತಂದಳು. ಆ ದಿನ ಅಲ್ಲಿ ಮಕ್ಕಳ ಆರೋಗ್ಯ ತಪಾಸಣೆ ನಡೆದಿತ್ತು. ತೂಕ, ಎತ್ತರ, ಕಣ್ಣು, ಹಲ್ಲು ಎಲ್ಲವೂ ಸರಿಯೇ; ಕೊನೆಯ ಸಾಲಿನಲ್ಲಿ ಮಾತ್ರ, "ರಕ್ತದೊತ್ತಡ ವಯಸ್ಸಿಗೆ ತುಸು ಹೆಚ್ಚು; ಮತ್ತೊಮ್ಮೆ ನೋಡಿಸಿರಿ" ಎಂದು ಬರೆದಿತ್ತು.

ನನ್ನಾಕೆ ಚೀಟಿಯನ್ನು ಎರಡು ಸಲ ಓದಿ ಮೌನವಾದಳು. ನನ್ನ ತಾಯಿಯವರು ನಕ್ಕುಬಿಟ್ಟರು. "ಹಾಲುಹಲ್ಲು ಇನ್ನೂ ಬಿದ್ದಿಲ್ಲ, ಈ ಕೂಸಿಗೆ ಎಂಥ ಬಿ.ಪಿ. ಮಾರಾಯ? ನಿನ್ನ ಅಪ್ಪನಿಗೆ ಅದು ಬಂದದ್ದು ಅರವತ್ತಕ್ಕೆ!" ಎಂದರು. ಮಾತು ಬಾಯಿಂದ ಹೊರಬಿದ್ದೊಡನೆಯೇ ಅವರ ನಗು ನಿಂತಿತು. ನನ್ನ ತಂದೆಯವರು ಪಾರ್ಶ್ವವಾಯುವಿಗೆ ತುತ್ತಾಗಿ ಎರಡು ವರ್ಷ ಹಾಸಿಗೆ ಹಿಡಿದದ್ದನ್ನು ನಮ್ಮ ಮನೆಯಲ್ಲಿ ಯಾರೂ ಮರೆತಿಲ್ಲ.

ಮರುವಾರ ಮಕ್ಕಳ ವೈದ್ಯರೊಬ್ಬರ ಬಳಿಗೆ ಹೋದೆವು. ಅವರು ಮೊದಲು ನಮ್ಮ ಗಾಬರಿಯನ್ನು ಇಳಿಸಿದರು. ಮಗು ಅತ್ತರೂ, ಓಡಿ ಬಂದರೂ, ಬಿಳಿಯ ಕೋಟನ್ನು ಕಂಡು ಹೆದರಿದರೂ ಒತ್ತಡ ಏರುತ್ತದೆ. ತೋಳಿಗೆ ಸುತ್ತುವ ಪಟ್ಟಿ ಮಗುವಿನ ತೋಳಿನ ಅಳತೆಗೆ ತಕ್ಕುದಾಗಿರಬೇಕು. ಕಿರಿದಾದರೆ ಅಂಕಿ ಹೆಚ್ಚಾಗಿಯೂ ಹಿರಿದಾದರೆ ಕಡಿಮೆಯಾಗಿಯೂ ಕಾಣುತ್ತದೆ. ದೊಡ್ಡವರಿಗೆ ಹೇಳುವ ೧೨೦-೮೦ರ ಲೆಕ್ಕ ಮಕ್ಕಳಿಗೆ ಸಲ್ಲದು. ವಯಸ್ಸು, ಎತ್ತರ, ಗಂಡೋ ಹೆಣ್ಣೋ ಎಂಬುದನ್ನೆಲ್ಲ ನೋಡಿಯೇ ತೀರ್ಮಾನಿಸಬೇಕು. ಅದೂ ಬೇರೆ ಬೇರೆ ದಿನಗಳಲ್ಲಿ ಮೂರು ಸಲ ಅಳೆದ ಮೇಲೆ. ಇಷ್ಟನ್ನು ಹೇಳಿ ಅವರು ಒಂದು ಪ್ರಶ್ನೆ ಕೇಳಿದರು: "ಮಗು ಏನೇನು ತಿನ್ನುತ್ತದೆ?"

ಆ ಪ್ರಶ್ನೆಗೆ ಸರಿಯಾದ ಉತ್ತರ ನಮ್ಮಲ್ಲಿರಲಿಲ್ಲ. ಕನ್ನಡ ಪಾಠ ಹೇಳುವ ನಾನು ಅಂದಿನಿಂದ ಮಕ್ಕಳ ಆಹಾರವನ್ನು ಕುರಿತು ಕೈಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಹಾಗೆ ಓದುವಾಗ ಕಣ್ಣಿಗೆ ಬಿದ್ದದ್ದು ಜಪಾನ್ ದೇಶದ ಒಂದು ಸಂಶೋಧನೆ.

ಜಪಾನೀಯರು ಅನ್ನ ಉಣ್ಣುವ ಜನ. ನಾವು ಅನ್ನದೊಡನೆ ಸೊಪ್ಪಿನ ಪಲ್ಯ ಮಾಡಿಕೊಳ್ಳುವಂತೆ ಅವರು ಕಡಲಪಾಚಿಯನ್ನು ಬಳಸುತ್ತಾರೆ. ಹಾಳೆಯಂತೆ ಒಣಗಿಸಿದ ನೋರಿ, ಸಾರಿಗೆ ಹಾಕುವ ವಾಕಮೆ, ಕುದಿಸಿ ರಸ ತೆಗೆಯುವ ಕೊಂಬು ಇವೆಲ್ಲ ಅಲ್ಲಿನ ಅಡುಗೆಮನೆಯ ನಿತ್ಯದ ವಸ್ತುಗಳು. ೨೦೦೬ರ ಶರತ್ಕಾಲದಲ್ಲಿ ವಿದ್ವಾಂಸರು ಐಚಿ ಪ್ರಾಂತದ ಮೂರರಿಂದ ಆರು ವರ್ಷದ ಆರೋಗ್ಯವಂತ ಮಕ್ಕಳ ರಕ್ತದೊತ್ತಡವನ್ನು ಅಳೆದು, ಮೂರು ದಿನ ಅವರು ಉಂಡದ್ದನ್ನೆಲ್ಲ ಬರೆಸಿಕೊಂಡರು. ೨೨೩ ಗಂಡುಮಕ್ಕಳ, ೧೯೪ ಹೆಣ್ಣುಮಕ್ಕಳ ಪೂರ್ಣ ವಿವರ ದೊರೆಯಿತು. ಫಲಿತಾಂಶ ೨೦೧೧ರಲ್ಲಿ ಪ್ರಕಟವಾಯಿತು. ಕಡಲಪಾಚಿಯನ್ನು ತೀರ ಕಡಿಮೆ ತಿನ್ನುತ್ತಿದ್ದ ಹೆಣ್ಣುಮಕ್ಕಳಲ್ಲಿ ಮೇಲಿನ ಒತ್ತಡ, ಎಂದರೆ ಹೃದಯ ಸಂಕೋಚಗೊಂಡಾಗಿನದು, ಸರಾಸರಿ ೧೦೨.೪ ಇತ್ತು. ಮಧ್ಯಮವಾಗಿ ತಿನ್ನುತ್ತಿದ್ದವರಲ್ಲಿ ೯೯.೨, ಹೆಚ್ಚು ತಿನ್ನುತ್ತಿದ್ದವರಲ್ಲಿ ೯೬.೯. ಗಂಡುಮಕ್ಕಳಲ್ಲಿ ವ್ಯತ್ಯಾಸ ಕಂಡದ್ದು ಕೆಳಗಿನ ಒತ್ತಡದಲ್ಲಿ: ೬೨.೮ರಿಂದ ೫೯.೬ಕ್ಕೆ.

ಇದನ್ನು ಓದಿ, ನಾಳೆಯೇ ಮಂಗಳೂರಿನ ಬಸ್ಸು ಹತ್ತಿ ಕಡಲಪಾಚಿ ತರೋಣವೆಂದು ವಾಚಕರು ಹೊರಡಬೇಕಾಗಿಲ್ಲ. ಈ ಸಂಶೋಧನೆ ಒಂದು ಸಲದ ಅಳತೆಯನ್ನು ಅವಲಂಬಿಸಿದ್ದು. ಪಾಚಿ ಹೆಚ್ಚು ತಿನ್ನುವ ಮನೆಯಲ್ಲಿ ತರಕಾರಿಯೂ ಹೆಚ್ಚಿರಬಹುದು, ಕುರುಕಲು ತಿಂಡಿ ಕಡಿಮೆಯಿರಬಹುದು. ಎರಡು ಸಂಗತಿಗಳು ಜೊತೆಯಲ್ಲಿ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವೆಂದು ಹೇಳಲಾಗದು. ಅಲ್ಲದೆ ಕೊಂಬಿನಂತಹ ಪಾಚಿಯಲ್ಲಿ ಅಯೋಡಿನ್ ಅತಿಯಾಗಿದೆ. ಮಿತಿ ಮೀರಿದರೆ ಮಗುವಿನ ಥೈರಾಯ್ಡ್ ಗ್ರಂಥಿಗೆ ಕೇಡು. ಆದರೂ ಈ ವರದಿಯಲ್ಲಿ ನಾವು ಕಲಿಯತಕ್ಕ ಪಾಠವೊಂದಿದೆ. ಪಾಚಿಯಲ್ಲಿ ಪೊಟ್ಯಾಸಿಯಂ ಎಂಬ ಲವಣವೂ ನೀರಿನಲ್ಲಿ ಕರಗುವ ನಾರೂ ಹೇರಳ. ಅಡುಗೆಯ ಉಪ್ಪಿನ ಸೋಡಿಯಂ ಮೈಯಲ್ಲಿ ನೀರನ್ನು ಹಿಡಿದಿಡುತ್ತದೆ; ರಕ್ತನಾಳಗಳು ತುಂಬಿಕೊಳ್ಳುತ್ತವೆ, ಹೃದಯಕ್ಕೆ ದುಡಿಮೆ ಹೆಚ್ಚುತ್ತದೆ. ಪೊಟ್ಯಾಸಿಯಂ ಆ ಸೋಡಿಯಂ ಅನ್ನು ಮೂತ್ರಪಿಂಡಗಳ ಮೂಲಕ ಹೊರಗೆ ಹಾಕಲು ನೆರವಾಗುತ್ತದೆ.

ಇದಕ್ಕೆ ಸಾಕ್ಷಿಯಾಗಿ ಜಪಾನಿನದೇ ಇನ್ನೊಂದು ಕಥೆಯಿದೆ. ಹಿಮ ಬೀಳುವ ಉತ್ತರ ಜಪಾನಿನಲ್ಲಿ ಚಳಿಗಾಲಕ್ಕೆಂದು ತರಕಾರಿ, ಮೀನುಗಳನ್ನು ಉಪ್ಪಿನಲ್ಲಿ ಹಾಕಿಡುವುದು ವಾಡಿಕೆ. ೧೯೫೦ರ ದಶಕದಲ್ಲಿ ಅಲ್ಲಿನ ಜನ ದಿನಕ್ಕೆ ಸುಮಾರು ೨೬ ಗ್ರಾಂ ಉಪ್ಪು ತಿನ್ನುತ್ತಿದ್ದರು; ಪಾರ್ಶ್ವವಾಯು ಮನೆಮನೆಯ ರೋಗವಾಗಿತ್ತು. ಹಿರೊಸಾಕಿ ವಿಶ್ವವಿದ್ಯಾನಿಲಯದ ನಾವೊಸುಕೆ ಸಸಾಕಿ ಎಂಬ ವಿದ್ವಾಂಸರು ಹಳ್ಳಿಹಳ್ಳಿ ತಿರುಗಿ ನೋಡಿದಾಗ, ಸೇಬು ಬೆಳೆದು ಸೇಬು ತಿನ್ನುವ ಊರುಗಳಲ್ಲಿ ರಕ್ತದೊತ್ತಡ ಕಡಿಮೆಯಿತ್ತು. ಅಲ್ಲಿಯೂ ಅವರಿಗೆ ಕಂಡ ಕಾರಣ ಹಣ್ಣಿನ ಪೊಟ್ಯಾಸಿಯಂ.

ಈ ಕಥೆ ಓದುತ್ತಿದ್ದಂತೆ ನನಗೆ ನಮ್ಮ ಕೊಡಗೇ ಕಣ್ಮುಂದೆ ನಿಂತಿತು. ಅಲ್ಲಿ ಹಿಮ, ಇಲ್ಲಿ ಮಳೆ. ತಿಂಗಳುಗಟ್ಟಲೆ ಬಿಸಿಲು ಕಾಣದ ನಾಡಿನಲ್ಲಿ ನಮ್ಮ ಹಿರಿಯರೂ ಉಪ್ಪನ್ನೇ ನಂಬಿದ್ದರು. ಭರಣಿಯಲ್ಲಿ ಮಿಡಿಗಾಯಿ, ಅಟ್ಟದ ಮೇಲೆ ಒಣಮೀನು, ಒಲೆಯ ಮೇಲೆ ಹೊಗೆಗೆ ಕಟ್ಟಿದ ಮಾಂಸ, ಗಂಜಿಗೆ ಉಪ್ಪಿನಕಾಯಿ. ಆದರೆ ಅದೇ ಮಳೆ ಸೊಪ್ಪನ್ನೂ ಕೊಡುತ್ತಿತ್ತು. ಕೆಸದ ಎಲೆ, ತೊರೆಯ ದಂಡೆಯ ತೆರ್ಮೆ ಸೊಪ್ಪು, ಕಣಿಲೆ, ಅಣಬೆ, ಕಕ್ಕಡದ ಹದಿನೆಂಟನೆಯ ದಿನ ಮದ್ದುಸೊಪ್ಪಿನ ಪಾಯಸ. ಮಳೆ ಹಿಂಜರಿದ ಮೇಲೆ ಕಾಫಿಯ ತೋಟದ ನಡುವೆ ಕಿತ್ತಳೆ. ದೊಡ್ಡವರು ಗದ್ದೆಯಲ್ಲಿ ಬೆವರು ಸುರಿಸಿ ದುಡಿಯುತ್ತಿದ್ದರು. ಇಂದು ಉಪ್ಪು ಉಳಿದಿದೆ, ದುಡಿಮೆ ಹೋಗಿದೆ, ಸೊಪ್ಪು ತಟ್ಟೆಯಿಂದ ಸರಿದಿದೆ. ರೋಗ ತಗುಲಿ ಕಿತ್ತಳೆಯ ಗಿಡಗಳೂ ವಿರಳವಾಗಿವೆ. ಆ ಜಾಗಕ್ಕೆ ಪೊಟ್ಟಣದ ಕುರುಕಲು ತಿಂಡಿ ಬಂದು ಕುಳಿತಿದೆ.

ವೈದ್ಯರ ಪ್ರಶ್ನೆಗೆ ಉತ್ತರವಾಗಿ ನನ್ನಾಕೆ ಒಂದು ವಾರ ಮಗಳು ತಿಂದದ್ದನ್ನೆಲ್ಲ ಬರೆದಿಟ್ಟಳು. ಬೆಳಗ್ಗೆ ದೋಸೆಯ ಜೊತೆಗೆ ಉಪ್ಪಿನಕಾಯಿಯ ರಸ. ಮಧ್ಯಾಹ್ನ ಮೊಸರನ್ನಕ್ಕೆ ಮೇಲುಪ್ಪು, ಹಪ್ಪಳ. ಸಂಜೆ ಒಂದು ಪೊಟ್ಟಣ. ರಾತ್ರಿ ಅಜ್ಜಿಯ ತಟ್ಟೆಯಿಂದ ಸುಟ್ಟ ಒಣಮೀನಿನ ಚೂರು. ಹಣ್ಣು ವಾರದಲ್ಲಿ ಎರಡೇ ದಿನ. ಪಟ್ಟಿಯನ್ನು ಓದಿದಾಗ ನಾಚಿಕೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೇ ದಿನಕ್ಕೆ ೫ ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಮಕ್ಕಳಿಗೆ ಇನ್ನೂ ಕಡಿಮೆ. ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ ನಮ್ಮ ದೇಶದ ವಯಸ್ಕರು ತಿನ್ನುವುದು ಸರಾಸರಿ ೮ ಗ್ರಾಂ.

"ಮಕ್ಕಳಲ್ಲವೇ, ಬೆಳೆಯುತ್ತ ಸರಿಹೋಗುತ್ತದೆ" ಎನ್ನುವವರುಂಟು. ಅವರಿಗೆ ಹಾಲೆಂಡಿನ ಒಂದು ಪ್ರಯೋಗವನ್ನು ಹೇಳಬೇಕು. ೧೯೮೦ರಲ್ಲಿ ಅಲ್ಲಿ ೪೭೬ ನವಜಾತ ಶಿಶುಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರು ತಿಂಗಳ ಕಾಲ ಸೋಡಿಯಂ ಕಡಿಮೆಯಿರುವ ಆಹಾರವನ್ನೂ ಇನ್ನೊಂದಕ್ಕೆ ವಾಡಿಕೆಯ ಆಹಾರವನ್ನೂ ಕೊಟ್ಟರು. ಆರು ತಿಂಗಳ ಕೊನೆಗೆ ಮೊದಲ ಗುಂಪಿನವರ ಮೇಲಿನ ಒತ್ತಡ ಸುಮಾರು ಎರಡು ಅಂಕಿಯಷ್ಟು ಕಡಿಮೆಯಿತ್ತು. ಹದಿನೈದು ವರ್ಷಗಳ ಅನಂತರ ಅದೇ ಮಕ್ಕಳಲ್ಲಿ ಕೆಲವರನ್ನು ಹುಡುಕಿ ಅಳೆದಾಗ ವ್ಯತ್ಯಾಸ ಅಳಿದಿರಲಿಲ್ಲ, ೩.೬ರಷ್ಟಾಗಿತ್ತು. ತೊಟ್ಟಿಲಲ್ಲಿ ಉಂಡದ್ದನ್ನು ಮೈ ಅಷ್ಟು ಬೇಗ ಮರೆಯುವುದಿಲ್ಲ. ನಾಲಗೆಯೂ ಅಷ್ಟೆ, ಉಪ್ಪಿನ ರುಚಿ ಎಳೆತನದಲ್ಲಿ ಹತ್ತಿದರೆ ಬಿಡುವುದು ಕಷ್ಟ.

ಒಂದು ಎಚ್ಚರಿಕೆಯ ಮಾತನ್ನು ಗೃಹಿಣಿಯರಿಗೆ ಹೇಳಲೇಬೇಕು. ಉಪ್ಪನ್ನು ಕಡಿಮೆ ಮಾಡಬೇಕೇ ಹೊರತು ಅಯೋಡಿನ್ ಬೆರೆಸಿದ ಉಪ್ಪನ್ನು ಬಿಡಬಾರದು. ಧಾರಾಕಾರ ಮಳೆ ಬೆಟ್ಟದ ಮಣ್ಣಿನ ಅಯೋಡಿನ್ನನ್ನು ತೊಳೆದೊಯ್ಯುತ್ತದೆ. ಆದುದರಿಂದಲೇ ಬೆಟ್ಟದ ನಾಡುಗಳಲ್ಲಿ ಗಳಗಂಡದ ಕಾಟ. ಹಿಮಾಲಯದ ತಪ್ಪಲಿನ ಕಾಂಗ್ಡಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿಯವರು ೧೯೫೬ರಲ್ಲಿ ಆರಂಭಿಸಿದ ಪ್ರಯೋಗ, ಅಯೋಡಿನ್ ಉಪ್ಪಿನಿಂದ ಅದನ್ನು ತಡೆಯಬಹುದೆಂದು ತೋರಿಸಿಕೊಟ್ಟಿತು. ೧೯೬೨ರಲ್ಲಿ ಸರ್ಕಾರದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಜಪಾನಿನ ಮಗುವಿಗೆ ಕಡಲಪಾಚಿ ಕೊಡುವ ಅಯೋಡಿನ್ನನ್ನು ನಮ್ಮ ಮಗುವಿಗೆ ಆ ಚಿಟಿಕೆ ಉಪ್ಪು ಕೊಡುತ್ತದೆ. ಪೊಟ್ಯಾಸಿಯಂ ಅನ್ನು ಸೊಪ್ಪು, ಬಾಳೆಹಣ್ಣು, ಕಿತ್ತಳೆ, ಬೇಳೆಕಾಳುಗಳು ಕೊಡುತ್ತವೆ.

"ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ" ಎಂಬ ಗಾದೆಯನ್ನು ನನ್ನ ತಾಯಿಯವರು ಮೊದಮೊದಲು ನನ್ನ ಮುಖಕ್ಕೇ ಹೇಳುತ್ತಿದ್ದರು. ಆಮೇಲೊಂದು ದಿನ ಊಟದ ಮೇಜಿನ ಮೇಲಿದ್ದ ಉಪ್ಪಿನ ಬಟ್ಟಲನ್ನು ತಾವೇ ಎತ್ತಿ ಒಳಗಿಟ್ಟರು. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹುತ್ತರಿ ಕಳೆದ ಮೇಲೆ ಮೂರನೆಯ ಸಲ ಅಳೆಯಿಸಿದೆವು. ಮಗಳು ಹೆದರದೆ ಕುರ್ಚಿಯಲ್ಲಿ ಕುಳಿತು ತೋಳು ಚಾಚಿದಳು. ಅಂಕಿ ವಯಸ್ಸಿನ ಮಿತಿಯೊಳಗೆ ಬಂದಿತ್ತು. ಅದು ಭಯ ಕಳೆದದ್ದರಿಂದಲೋ, ಬದಲಾದ ಊಟದಿಂದಲೋ ನಾನು ಹೇಳಲಾರೆ, ವೈದ್ಯರೂ ಹೇಳಲಿಲ್ಲ. ವರ್ಷಕ್ಕೊಮ್ಮೆ ನೋಡಿಸುತ್ತಿರಿ ಎಂದಷ್ಟೇ ಹೇಳಿದರು. ಮನೆಗೆ ಬಂದಾಗ ಅಜ್ಜಿ ಮೊಮ್ಮಗಳಿಗೆಂದು ಒಂದು ಕಿತ್ತಳೆಯ ಹಣ್ಣನ್ನು ಸುಲಿಯುತ್ತ ಜಗಲಿಯಲ್ಲಿ ಕುಳಿತಿದ್ದರು. ಅರ್ಧ ಹಣ್ಣನ್ನು ಅವಳಿಗೆ ಕೊಟ್ಟು, ಉಳಿದರ್ಧವನ್ನು ನನ್ನ ಕೈಗಿತ್ತು, "ನೀನೂ ತಿನ್ನು; ನಿನ್ನ ಬಿ.ಪಿ. ಯಾರು ನೋಡಿದ್ದಾರೆ?" ಎಂದರು.