ಚಳಿಗಾಲದ ಕಿಟಕಿಯಲ್ಲಿ ಆರ್ಕಿಡ್

ಆರ್ಕಿಡ್ ಎಂದರೆ ದೊಡ್ಡ ಊರಿನವರ ಹೂವು, ನಮ್ಮ ಹೊನ್ನಾಳಿಗೆ ಒಗ್ಗುವುದಲ್ಲ ಎನ್ನುವವರೇ ಹೆಚ್ಚು. ಆದರೆ ಇಲ್ಲಿಂದ ಶಿವಮೊಗ್ಗ ದಾಟಿ ತೀರ್ಥಹಳ್ಳಿ, ಆಗುಂಬೆ ಕಡೆ ಹೋದರೆ ಮರದ ಕೊಂಬೆಗಳ ಮೇಲೆ ಅದು ತಾನಾಗಿಯೇ ಬೆಳೆಯುತ್ತದೆ. ಮಲೆನಾಡಿನವರು ಸೀತಾಳೆ ದಂಡೆ ಎನ್ನುವುದು ಆರ್ಕಿಡ್ಡನ್ನೇ. ಅಸ್ಸಾಮಿನಲ್ಲಿ ಬಿಹು ಕುಣಿಯುವ ಹೆಣ್ಣುಮಕ್ಕಳು ಅದೇ ಜಾತಿಯ ಹೂವನ್ನು ಮುಡಿಯುತ್ತಾರೆ.

ಮರದ ಮೇಲಿದ್ದರೂ ಆರ್ಕಿಡ್ ಬಂದಳಿಕೆಯಂತೆ ಮರದ ರಸ ಹೀರುವುದಿಲ್ಲ. ಕೂರಲು ಜಾಗ ಕೇಳುತ್ತದೆ, ಅಷ್ಟೆ. ಅದರ ಬೇರುಗಳು ಗಾಳಿಯಲ್ಲೇ ಇರುತ್ತವೆ. ಮಳೆ ಬಂದಾಗ ನೆನೆದು, ಮತ್ತೆ ಒಣಗುತ್ತವೆ. ಮನೆಯಲ್ಲಿ ಬೆಳೆಸುವವರು ಇದೊಂದನ್ನು ನೆನಪಿಟ್ಟರೆ ಅರ್ಧ ಕೆಲಸ ಮುಗಿದಂತೆ.

ನರ್ಸರಿಗಳಲ್ಲಿ ಹೆಚ್ಚಾಗಿ ಸಿಗುವುದು ಫೆಲನಾಪ್ಸಿಸ್ ಎಂಬ ಬಗೆ. ಪತಂಗದಂತೆ ಕಾಣುವುದು ಎಂದು ಆ ಹೆಸರಿನ ಅರ್ಥ. ನಮ್ಮ ಮನೆಯ ಕಿಟಕಿಯಲ್ಲಿರುವುದೂ ಅದೇ. ನಮ್ಮಲ್ಲಿ ಡಿಸೆಂಬರ್, ಜನವರಿಯಲ್ಲಿ ರಾತ್ರಿಯ ಉಷ್ಣತೆ 15–16 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಗಿಡ ಸತ್ತೀತೆಂದು ಹೆದರಬೇಕಿಲ್ಲ. ಕೆಲವು ವಾರ ರಾತ್ರಿ ತಂಪಾದರೇನೇ ಅದು ಹೂದಂಟು ಹೊರಡಿಸುವುದು. ತುಂಬ ಚಳಿ ಎನಿಸಿದ ರಾತ್ರಿ ಕಿಟಕಿಯಿಂದ ಒಳಗೆ ಸರಿಸಿದರಾಯಿತು.

ಚಳಿಗಿಂತ ಹೆಚ್ಚು ಗಿಡ ಕೊಲ್ಲುವುದು ನಮ್ಮ ಕೈಯ ಚೊಂಬು. ಚಳಿಗಾಲದಲ್ಲಿ ಕುಂಡ ನಿಧಾನವಾಗಿ ಒಣಗುತ್ತದೆ. ಪ್ರೀತಿಯಿಂದ ದಿನವೂ ನೀರು ಹೊಯ್ದರೆ ಬೇರು ಕೊಳೆಯುತ್ತದೆ. ನನ್ನ ಮೊಮ್ಮಗಳು ಬೆಳಿಗ್ಗೆ ಎದ್ದವಳೇ, “ಅಜ್ಜಾ, ಇವತ್ತು ನೀರು ಹಾಕ್ಲಾ?” ಎನ್ನುತ್ತಾಳೆ. “ನನ್ನನ್ನಲ್ಲ, ಬೇರನ್ನ ಕೇಳು” ಎನ್ನುತ್ತೇನೆ.

ಬೇರು ಹೇಗೆ ಹೇಳುತ್ತದೆ? ಅದರ ಮೇಲೆ ಸ್ಪಂಜಿನಂಥ ಹೊದಿಕೆ ಇದೆ. ಒಣಗಿದಾಗ ಬೆಳ್ಳಿಯಂತೆ ಬಿಳುಪು. ನೀರು ಕುಡಿದಾಗ ಒಳಗಿನ ಹಸಿರು ಕಾಣುತ್ತದೆ. ಹಸಿರಿದ್ದರೆ ಸುಮ್ಮನಿರಿ, ಬಿಳಿಯಾದರೆ ನೀರು ಕೊಡಿ. ಚಳಿಗಾಲದಲ್ಲಿ ಎಂಟು ಹತ್ತು ದಿನಕ್ಕೊಮ್ಮೆ ಸಾಕಾದೀತು.

ಇನ್ನು ಕೆಲವು ಮಾತು. ಕುಂಡಕ್ಕೆ ಮಣ್ಣು ಬೇಡ. ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಸಿಪ್ಪೆಯ ತುಂಡು ಹಾಕಿ. ಪೂರ್ವದ ಕಿಟಕಿಯ ಎಳೆಬಿಸಿಲು ಒಳ್ಳೆಯದು. ನೀರನ್ನು ಬೆಳಿಗ್ಗೆ ಹಾಕಿ, ಎಲೆಗಳ ನಡುವಿನ ಸುಳಿಯಲ್ಲಿ ನಿಲ್ಲದಂತೆ ನೋಡಿ. ತುಟಿ ಒಡೆಯುವಂಥ ಒಣಗಾಳಿ ಇದ್ದಾಗ ತಟ್ಟೆಯಲ್ಲಿ ಬೆಣಚುಕಲ್ಲು, ನೀರು ಹಾಕಿ, ಕಲ್ಲಿನ ಮೇಲೆ ಕುಂಡ ಇಡಿ. ಕುಂಡದ ತಳಕ್ಕೆ ನೀರು ತಾಗಬಾರದು. ಮಾಗುವ ಬಾಳೆಗೊನೆಯ ಪಕ್ಕ ಮಾತ್ರ ಇಡಬೇಡಿ. ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲಕ್ಕೆ ಮೊಗ್ಗು ಉದುರುತ್ತವೆ.

ಮಕ್ಕಳೇ, ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಅದರೊಳಗೆ ಮೊಳಕೆಗೆ ಬೇಕಾದ ಬುತ್ತಿಯೇ ಇಲ್ಲ. ಕಾಡಿನಲ್ಲಿ ಒಂದು ಶಿಲೀಂಧ್ರ ಅದಕ್ಕೆ ಉಣಿಸಬೇಕು. ಇದನ್ನು 1899ರಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರ್ ಕಂಡುಹಿಡಿದ. 1922ರಲ್ಲಿ ಅಮೆರಿಕದ ಲೂಯಿಸ್ ನುಡ್‌ಸನ್, ಶಿಲೀಂಧ್ರವಿಲ್ಲದೆಯೂ ಸಕ್ಕರೆ ಬೆರೆಸಿದ ಆಹಾರದ ಮೇಲೆ ಬೀಜ ಮೊಳೆಸಬಹುದೆಂದು ತೋರಿಸಿದ. ಇವತ್ತು ನರ್ಸರಿಗೆ ಬರುವ ಇಂಥ ಗಿಡಗಳು ಪ್ರಯೋಗಾಲಯದ ಬಾಟಲಿಯಲ್ಲಿ ಹುಟ್ಟಿದವು.

ಹಾಗಾಗಿ ಮನೆಯ ಅಂದಕ್ಕೆ ಕಾಡಿನ ಗಿಡ ಕೀಳುವ ಅಗತ್ಯವೇ ಇಲ್ಲ. ಕಿತ್ತು ತಂದ ಸೀತಾಳೆಗೆ ಆ ಮಂಜು, ಆ ಮರ, ಆ ಶಿಲೀಂಧ್ರ ಇಲ್ಲಿ ಸಿಗವು. ಅಲ್ಲಿ ಕೊಂಬೆಯೂ ಬರಿದಾಗುತ್ತದೆ. ನರ್ಸರಿಯದನ್ನು ಕಿಟಕಿಯಲ್ಲಿ ಸಾಕೋಣ. ಕಾಡಿನದನ್ನು ಮುಂಗಾರು ಹಿಡಿಯುವ ಹೊತ್ತಿಗೆ ಮಲೆನಾಡಿಗೇ ಹೋಗಿ, ತಲೆ ಎತ್ತಿ ನೋಡಿ ಬರೋಣ.