ಪಿಟೀಲು ಮತ್ತು ವಯೋಲಾಗಳ ಮನೆಪಾಠ: ಶ್ರವಣಶಿಕ್ಷಣದ ದೃಷ್ಟಿಯಿಂದ ಒಂದು ವಿವೇಚನೆ

ಸಂಗೀತಶಿಕ್ಷಣದ ಮಾತು ಬಂದಾಗ ನಮ್ಮ ಗಮನ ಸಾಮಾನ್ಯವಾಗಿ ಕಾಲೇಜುಗಳ ಪಾಠಕ್ರಮದ ಕಡೆಗೆ ಹರಿಯುತ್ತದೆ. ಆದರೆ ಪಿಟೀಲಿನ ವಿದ್ಯಾರ್ಥಿ ಕಾಲೇಜಿನ ಮೆಟ್ಟಿಲೇರುವುದಕ್ಕೆ ಬಹು ಮುಂಚೆಯೇ ಅವನ ಕೈಯ ಗುಣದೋಷಗಳು ಬಹುಮಟ್ಟಿಗೆ ನಿಶ್ಚಿತವಾಗಿರುತ್ತವೆ. ಬೆಂಗಳೂರಿನ ಪಶ್ಚಿಮ ಭಾಗದ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳಂತಹ ಬಡಾವಣೆಗಳಲ್ಲಿ ಈ ಮೊದಲ ಶಿಕ್ಷಣ ಗುರುವಿನ ಮನೆಯಲ್ಲಿಯೋ ಶಿಷ್ಯನ ಮನೆಯಲ್ಲಿಯೋ, ವಾರಕ್ಕೆ ಒಂದೆರಡು ಸಲ ನಡೆಯುವಂಥದು. ಈ ಮನೆಪಾಠದ ನಿಜವಾದ ಕಾರ್ಯವೇನು ಎಂಬುದನ್ನು ವಿಚಾರ ಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಪಿಟೀಲು ಯೂರೋಪಿನಿಂದ ಬಂದ ವಾದ್ಯ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲಸ್ವಾಮಿ ದೀಕ್ಷಿತರು ಇದನ್ನು ಮದರಾಸಿನಲ್ಲಿ ಕಲಿತು ನಮ್ಮ ಸಂಗೀತಕ್ಕೆ ಅಳವಡಿಸಿದರು. ಕನ್ನಡನಾಡಿನಲ್ಲಿ ಇದರ ಕೀರ್ತಿಯನ್ನು ಬೆಳಗಿದವರು ತಿರುಮಕೂಡಲು ಚೌಡಯ್ಯನವರು (1895–1967). 1927ರಲ್ಲಿ ಅವರು ನಾಲ್ಕು ತಂತಿಗಳ ಜೊತೆಗೆ ಮತ್ತೆ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ದೊಡ್ಡ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಬೇಕೆಂಬುದು ಅದರ ಆಶಯ. ಆ ಮಾರ್ಗವನ್ನು ಬೆಂಗಳೂರಿನಲ್ಲಿ ಆರ್. ಆರ್. ಕೇಶವಮೂರ್ತಿಗಳು (1914–2006) ಮುಂದುವರಿಸಿ ಅನೇಕ ಶಿಷ್ಯರನ್ನು ತಯಾರುಮಾಡಿದರು. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು: ಚೌಡಯ್ಯನವರ ಗುರುಗಳಾದ ಬಿಡಾರಂ ಕೃಷ್ಣಪ್ಪನವರು ಮುಖ್ಯವಾಗಿ ಗಾಯಕರು. ಪಿಟೀಲಿನ ಮಹಾವಿದ್ವಾಂಸರೊಬ್ಬರು ರೂಪುಗೊಂಡದ್ದು ಹಾಡುವವರ ಸನ್ನಿಧಿಯಲ್ಲಿ. ಇದು ಕೇವಲ ಆಕಸ್ಮಿಕವಲ್ಲವೆಂಬುದು ಮುಂದಿನ ವಿವೇಚನೆಯಿಂದ ತಿಳಿದುಬರುತ್ತದೆ.

ಮೊದಲ ಪಾಠದಲ್ಲಿಯೇ ಒಂದು ಆಯ್ಕೆಯನ್ನು ಮಾಡಬೇಕಾಗುತ್ತದೆ. ಪಾಶ್ಚಾತ್ಯ ಪದ್ಧತಿಯಲ್ಲಿ ವಾದ್ಯವನ್ನು ಭುಜದ ಮೇಲಿರಿಸಿ ಗದ್ದದಿಂದ ಒತ್ತಿ ಹಿಡಿಯುತ್ತಾರೆ. ನಮ್ಮಲ್ಲಿ ವಾದಕನು ನೆಲದ ಮೇಲೆ ಕುಳಿತು ವಾದ್ಯದ ತಲೆಯನ್ನು ಬಲಗಾಲಿನ ಹರಡಿನ ಮೇಲೂ ಬುಡವನ್ನು ಎದೆ ಭುಜಗಳ ಕಡೆಗೂ ಆನಿಸಿಕೊಳ್ಳುತ್ತಾನೆ. ಎರಡು ತುದಿಗಳಿಗೂ ಆಧಾರವಿರುವುದರಿಂದ ಎಡಗೈಗೆ ವಾದ್ಯವನ್ನು ಹೊರುವ ಕೆಲಸ ತಪ್ಪುತ್ತದೆ. ಬೆರಳು ತಂತಿಯ ಮೇಲೆ ಅಡೆತಡೆಯಿಲ್ಲದೆ ಜಾರಿ ಗಮಕಗಳನ್ನು ನುಡಿಸಬಲ್ಲದು. ಶ್ರುತಿಮಾಡುವ ಕ್ರಮದಲ್ಲಿಯೂ ಭೇದವಿದೆ. ಪಾಶ್ಚಾತ್ಯರಲ್ಲಿ ನೆರೆಹೊರೆಯ ತಂತಿಗಳ ನಡುವೆ ಎಲ್ಲೆಡೆಯೂ ಪಂಚಮದ ಅಂತರ, ಎಂದರೆ 3:2 ಪ್ರಮಾಣ. ನಮ್ಮಲ್ಲಿ ಮಂದ್ರ ಷಡ್ಜ, ಮಂದ್ರ ಪಂಚಮ, ಮಧ್ಯ ಷಡ್ಜ, ಮಧ್ಯ ಪಂಚಮ ಎಂಬುದು ಕ್ರಮ. ನಡುವಣ ಅಂತರ ಮಾತ್ರ 4:3. ಹೀಗಾಗಿ ಎರಡು ತಂತಿಗಳ ಮೇಲಿನ ಬೆರಳುಗಾರಿಕೆಯೇ ಉಳಿದೆರಡರ ಮೇಲೆ ಒಂದು ಸ್ಥಾಯಿ ಮೇಲಕ್ಕೆ ಪುನರಾವೃತ್ತಿಯಾಗುತ್ತದೆ. ಎರಡು ಪದ್ಧತಿಗಳನ್ನೂ ಕಲಿಯಬಾರದೆಂದಲ್ಲ. ಮೈಸೂರಿನ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಪಿಯಾನೋ ವಾದನವನ್ನು ಕ್ರಮವಾಗಿ ಅಭ್ಯಸಿಸಿದ್ದರೂ ಕರ್ಣಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದರು. ಆದರೆ ಎಳೆಯ ಕೈಗೆ ಎರಡು ಹಿಡಿತಗಳನ್ನು ಏಕಕಾಲದಲ್ಲಿ ಕಲಿಸಿದರೆ ಒಂದೂ ದೃಢವಾಗದು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ವೀಣೆಗೆ ಇಪ್ಪತ್ತನಾಲ್ಕು ಮೆಟ್ಟುಗಳಿವೆ. ಪಿಟೀಲಿಗೆ ಒಂದೂ ಇಲ್ಲ. ಪೂರ್ಣಪ್ರಮಾಣದ ಪಿಟೀಲಿನಲ್ಲಿ ನುಡಿಯುವ ತಂತಿಯ ಉದ್ದ ಸುಮಾರು 328 ಮಿಲಿಮೀಟರ್. ಮಾಯಾಮಾಳವಗೌಳದ ಶುದ್ಧ ರಿಷಭವನ್ನು 16:15 ಎಂದು ಗಣಿಸಿದರೆ ಅದರ ಸ್ಥಾನ ತಂತಿಯ ತಲೆಯಿಂದ ಸುಮಾರು 20 ಮಿಲಿಮೀಟರ್ ದೂರದಲ್ಲಿ ಬರುತ್ತದೆ. ಅಂತರ ಗಾಂಧಾರವನ್ನು 5:4 ಎಂದು ಗಣಿಸಿದರೆ ಸುಮಾರು 66 ಮಿಲಿಮೀಟರ್. ರಿಷಭದಲ್ಲಿ ಬೆರಳು 4 ಮಿಲಿಮೀಟರ್ ಸರಿದರೆ ಸುಮಾರು 81:80ರಷ್ಟು, ಎಂದರೆ ಒಂದು ಪ್ರಮಾಣಶ್ರುತಿಯಷ್ಟು, ಅಪಸ್ವರವಾಗುತ್ತದೆ. ಇದು ಬೆರಳಿನ ತುದಿಯ ಅಗಲಕ್ಕಿಂತ ಕಡಿಮೆ. ಕಣ್ಣು ಇದನ್ನು ಅಳೆಯಲಾರದು.

ಕೈಯ ನೆನಪನ್ನೇ ನಂಬೋಣವೆಂದರೆ ಅದೂ ಸಾಲದು. ಮಕ್ಕಳು ಮೊದಲು ಅರ್ಧ, ಮುಕ್ಕಾಲು ಪ್ರಮಾಣದ ಪಿಟೀಲುಗಳಲ್ಲಿ ಕಲಿತು, ಬೆಳೆದಂತೆ ದೊಡ್ಡ ವಾದ್ಯಕ್ಕೆ ಬರುತ್ತಾರೆ. ಪ್ರತಿಸಲವೂ ತಂತಿಯ ಉದ್ದ ಬದಲಾಗಿ ಸ್ವರಸ್ಥಾನಗಳೆಲ್ಲ ಸರಿಯುತ್ತವೆ. ವಯೋಲಾಕ್ಕೆ ಬಂದವರ ಅನುಭವವೂ ಇದೇ. ಪಿಟೀಲಿನ ಒಡಲು ಸುಮಾರು 35.5 ಸೆಂಟಿಮೀಟರ್ ಇದ್ದರೆ ವಯೋಲಾದ್ದು ಸಾಮಾನ್ಯವಾಗಿ 38ರಿಂದ 42; ಅದರ ಶ್ರುತಿ ಒಂದು ಪಂಚಮದಷ್ಟು ಕೆಳಗೆ. ಒಡಲು ಆ ತಗ್ಗಿಗೆ ತಕ್ಕಷ್ಟು ಹಿಗ್ಗದೆ ಇರುವುದರಿಂದಲೇ ಅದರ ನಾದಕ್ಕೆ ವಿಶಿಷ್ಟವಾದ ಒಂದು ಗಾಂಭೀರ್ಯವಿದೆ. ಎಂ. ಬಾಲಮುರಳಿಕೃಷ್ಣರು (1930–2016) ಕರ್ಣಾಟಕ ಸಂಗೀತವನ್ನು ವಯೋಲಾದಲ್ಲಿಯೂ ನುಡಿಸಿದರು. ಬೆರಳುಗಳ ನಡುವೆ ಹೆಚ್ಚು ಹರವು ಬೇಕಾದುದರಿಂದ ಮಕ್ಕಳು ಪಿಟೀಲಿನಲ್ಲಿ ಆರಂಭಿಸಿ, ಕೈ ಬೆಳೆದ ಮೇಲೆ ಇದನ್ನು ಹಿಡಿಯುವುದು ಯುಕ್ತ. ವಾದ್ಯ ಬದಲಾದಾಗಲೆಲ್ಲ ಕೈ ಕಲಿತದ್ದರಲ್ಲಿ ಒಂದು ಭಾಗ ನಷ್ಟವಾಗುತ್ತದೆ. ಕಿವಿ ಕಲಿತದ್ದು ಮಾತ್ರ ಹಾಗೆಯೇ ಉಳಿಯುತ್ತದೆ.

ಈ ದೃಷ್ಟಿಯಿಂದ ವಾರದ ಲೆಕ್ಕವನ್ನು ನೋಡಬೇಕು. ವಾರಕ್ಕೆ ಒಂದು ಗಂಟೆ ಪಾಠ, ಉಳಿದ ಆರು ದಿನ ಅರ್ಧ ಗಂಟೆಯ ಸಾಧನೆ ಎಂದಿಟ್ಟುಕೊಳ್ಳೋಣ. ನಾಲ್ಕು ಗಂಟೆಗಳಲ್ಲಿ ಮೂರು ಗಂಟೆ ಶಿಷ್ಯನು ಒಂಟಿಯಾಗಿರುತ್ತಾನೆ. ಗುರುಕುಲದಲ್ಲಿ ಅಡಿಗೆಮನೆಯಿಂದಲೋ ಜಗಲಿಯಿಂದಲೋ ತಪ್ಪನ್ನು ಕೇಳಿ ತಿದ್ದುವ ಗುರುವಿದ್ದನು. ಇಂದಿನ ಮನೆಯಲ್ಲಿ ಆ ಸ್ಥಾನ ಬರಿದಾಗಿದೆ. ಸೋಮವಾರ ತಪ್ಪಾದ ಗಾಂಧಾರ ಭಾನುವಾರದ ಹೊತ್ತಿಗೆ ಅಭ್ಯಾಸವಾಗಿರುತ್ತದೆ. ಆದ್ದರಿಂದ ಮನೆಪಾಠದ ಪ್ರಧಾನಕಾರ್ಯ ರಚನೆಗಳನ್ನು ಒಪ್ಪಿಸುವುದಲ್ಲ. ಗುರುವಿಲ್ಲದ ಹೊತ್ತಿನಲ್ಲಿ ತನ್ನನ್ನು ತಾನೇ ತಿದ್ದಿಕೊಳ್ಳುವ ಕಿವಿಯನ್ನು ಶಿಷ್ಯನಲ್ಲಿ ನಿರ್ಮಿಸುವುದು.

ಇದಕ್ಕೆ ಸಾಧನ ಹಳೆಯದೇ: ಮೊದಲು ಹಾಡುವುದು, ಅನಂತರ ನುಡಿಸುವುದು. ಸರಳೆ, ಜಂಟಿವರಸೆ, ಅಲಂಕಾರಗಳಿಂದ ಗೀತೆ, ವರ್ಣ, ಕೃತಿಗಳವರೆಗೆ ಯಾವ ಹಂತದ ವಿದ್ಯಾರ್ಥಿಗೂ ಈ ನಿಯಮ ಸಲ್ಲುತ್ತದೆ. ವಯಸ್ಸಾದ ಮೇಲೆ ಆರಂಭಿಸುವವರಿಗೆ ಇದು ವಿಶೇಷವಾಗಿ ಹಿತಕರ. ಅವರ ಬೆರಳು ಬಿಗಿಯಾಗಿದ್ದರೂ ಕಿವಿ ಬಹುಕಾಲದ ಕೇಳ್ಮೆಯಿಂದ ಪಕ್ವವಾಗಿರುತ್ತದೆ. ತಾನು ಹಾಡಲಾರದ ಸ್ವರವನ್ನು ಬೆರಳಿನಿಂದ ಹುಡುಕುವವನು ಕತ್ತಲೆಯಲ್ಲಿ ತಡಕಾಡುವವನಂತೆ. ಗಾಯಕ ಕೃಷ್ಣಪ್ಪನವರ ಬಳಿ ಚೌಡಯ್ಯನವರು ಬೆಳೆದುದರ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ.

ಪರೀಕ್ಷೆಗಳು ಈ ಕ್ರಮಕ್ಕೆ ಸಹಾಯಕವೂ ಹೌದು, ವಿಘ್ನವೂ ಹೌದು. ನಮ್ಮ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಾಗಲಿ ಪಾಶ್ಚಾತ್ಯ ಸಂಗೀತದ ಎಂಟು ಗ್ರೇಡುಗಳಾಗಲಿ ವಿದ್ಯಾರ್ಥಿಗೆ ಒಂದು ಗುರಿಯನ್ನೂ ಅವಧಿಯನ್ನೂ ಕೊಡುತ್ತವೆ. ಆದರೆ ಪಠ್ಯದಲ್ಲಿರುವ ರಚನೆಗಳನ್ನಷ್ಟೇ ವರ್ಷವಿಡೀ ಉರುಹೊಡೆದರೆ ಪ್ರಮಾಣಪತ್ರ ದೊರೆಯಬಹುದು. ಹೊಸದೊಂದು ರಾಗ ಎದುರಾದಾಗ ಕೈ ಮೂಕವಾಗುತ್ತದೆ.

ಕೆಂಗೇರಿಯ ಸಮೀಪದಲ್ಲಿಯೇ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣವಿದೆ. ನೆರೆಯ ಬಡಾವಣೆಗಳ ಮನೆಪಾಠಗಳಲ್ಲಿ ಏನನ್ನು, ಯಾವ ಕ್ರಮದಲ್ಲಿ ಕಲಿಸುತ್ತಾರೆಂಬುದನ್ನು ಕುಳಿತು ಕೇಳಿ ಬರೆದಿಡುವುದು ಸಂಶೋಧನಾಸಕ್ತ ವಿದ್ಯಾರ್ಥಿಗಳಿಗೆ ತಕ್ಕ ಕೆಲಸ. ಹಿರಿಯ ವಿದ್ವಾಂಸರ ಕಚೇರಿಗಳ ಧ್ವನಿಮುದ್ರಣಗಳು ನಮಗೆ ಉಳಿದಿವೆ. ಅವರು ಪಾಠ ಹೇಳುತ್ತಿದ್ದ ರೀತಿ ಶಿಷ್ಯರ ನೆನಪಿನೊಡನೆ ಮರೆಯಾಗುತ್ತಿದೆ. ಅದನ್ನು ಉಳಿಸಿಕೊಳ್ಳುವ ಕಾಲ ಇನ್ನೂ ಮೀರಿಲ್ಲ.