ತಾಯತ ಕಟ್ಟುವ ಮುನ್ನ ಡಾಕ್ಟರಿಗೆ ತೋರಿಸಿ!

ಕಾಲೇಜಿಗೆ ಹೋಗ್ತಿದ್ದ ಹುಡುಗ ಈಗ ಕೋಣೆ ಬಿಟ್ಟು ಬರೋಲ್ಲ. ಸ್ನಾನ ಬೇಡ, ಗೆಳೆಯರು ಬೇಡ. ಯಾರೂ ಇಲ್ಲದ ಕಡೆ ದನಿ ಕೇಳಿಸುತ್ತೆ ಅಂತಾನೆ. ಅನ್ನಕ್ಕೆ ವಿಷ ಹಾಕಿದ್ದೀರಿ ಅಂತ ತಾಯಿಯ ಮೇಲೇ ರೇಗುತ್ತಾನೆ.

ಮನೆಯವರು ಮಾಡೋದೇನು? ಮೊದಲು ತಾಯತ. ಆಮೇಲೆ ಗ್ರಹಶಾಂತಿ. ಕೊನೆಗೆ, “ಒಂದು ಮದುವೆ ಮಾಡಿಬಿಡಿ, ಸರಿಹೋಗ್ತಾನೆ” ಎಂಬ ಹಿರಿಯರ ಉಪದೇಶ. ಅಷ್ಟರಲ್ಲಿ ವರ್ಷ ಉರುಳಿರುತ್ತದೆ.

ಉರುಳಿದ ಆ ವರ್ಷವೇ ದೊಡ್ಡ ನಷ್ಟ. ಇದು ಸ್ಕಿಜೋಫ್ರೇನಿಯಾ, ಅಂದರೆ ಚಿತ್ತವಿಕಲತೆ ಇರಬಹುದು. ಹೆಚ್ಚಾಗಿ ಹರೆಯದಲ್ಲೇ ತಲೆ ಎತ್ತುವ ಕಾಯಿಲೆ. ದೆವ್ವವೂ ಅಲ್ಲ, ಹೆತ್ತವರ ತಪ್ಪೂ ಅಲ್ಲ.

ಅಮೆರಿಕದ 34 ಚಿಕಿತ್ಸಾಲಯಗಳಲ್ಲಿ 404 ಹೊಸ ರೋಗಿಗಳನ್ನು ಎರಡು ವರ್ಷ ಗಮನಿಸಿದ ವರದಿ 2015ರಲ್ಲಿ ಬಂತು. ಅರ್ಧದಷ್ಟು ಕಡೆ ಮಾಮೂಲಿ ಚಿಕಿತ್ಸೆ. ಉಳಿದ ಕಡೆ ನಾಲ್ಕು ಕೆಲಸ ಒಟ್ಟಿಗೆ: ಅಳತೆ ನೋಡಿ ಮಾತ್ರೆ, ರೋಗಿಯ ಜತೆ ಆಪ್ತ ಸಮಾಲೋಚನೆ, ಮನೆಯವರಿಗೆ ತಿಳಿವಳಿಕೆ, ಓದು-ನೌಕರಿಗೆ ನೆರವು. ಆಸ್ಪತ್ರೆಗೆ ದಾಖಲಾಗುವ ಪ್ರಮಾಣದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ನಾಲ್ಕೂ ಸಿಕ್ಕವರು ಚಿಕಿತ್ಸೆ ಬಿಡದೆ ಹೆಚ್ಚು ಕಾಲ ಮುಂದುವರಿಸಿದರು, ಹೆಚ್ಚು ಚೇತರಿಸಿಕೊಂಡರು.

ಇನ್ನೊಂದು ಮಾತು ಗಮನಿಸಿ. ಆ ರೋಗಿಗಳಲ್ಲಿ ಅರ್ಧಕ್ಕರ್ಧ ಜನ 74 ವಾರಕ್ಕೂ ಹೆಚ್ಚು ಕಾಲ, ಅಂದರೆ ಸುಮಾರು ಒಂದೂವರೆ ವರ್ಷ, ಚಿಕಿತ್ಸೆಯಿಲ್ಲದೆ ಕಳೆದಿದ್ದರು. ಅದಕ್ಕಿಂತ ಬೇಗ ಬಂದವರಿಗೇ ಹೆಚ್ಚು ಫಲ ಸಿಕ್ಕಿತು!

“ಅದು ಅಮೆರಿಕದ ಮಾತು ಬಿಡ್ರೀ” ಅನ್ನಬೇಡಿ. 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಮನೋರೋಗದ ಮಾತ್ರೆ ಊರಲ್ಲೇ ಸಿಗುವಂತೆ ಮಾಡಿ ತೋರಿಸಿದರು. ಆ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ದಾರಿ ತೋರಿಸಿದ್ದೇ ನಮ್ಮ ಸೀಮೆ.

ಮಾತ್ರೆಯ ಚೀಟಿ ಕೊಟ್ಟು ಕಳಿಸಿದರೆ ನಾಲ್ಕರಲ್ಲಿ ಒಂದು ಕೆಲಸ ಆದಂತೆ. ಉಳಿದ ಮೂರಕ್ಕೆ ಜನ ಎಲ್ಲಿ? ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ನಾವು ಕೇಳಬೇಕಾದ ಪ್ರಶ್ನೆ ಇದು. 2017ರ ಕಾಯ್ದೆ ಪ್ರಕಾರ ಸರ್ಕಾರಿ ವ್ಯವಸ್ಥೆಯಲ್ಲಿ ಮನೋರೋಗಕ್ಕೆ ಚಿಕಿತ್ಸೆ ಪಡೆಯುವುದು ಹಕ್ಕು, ಭಿಕ್ಷೆಯಲ್ಲ. ರೋಗಿಯನ್ನು ಸರಪಳಿಯಲ್ಲಿ ಕಟ್ಟಿಹಾಕುವಂತಿಲ್ಲ.

ಹರಕೆ ಇದ್ದರೆ ತೀರಿಸಿಕೊಳ್ಳಿ, ಯಾರೂ ಬೇಡ ಅನ್ನೋಲ್ಲ. ಆದರೆ ಅದೇ ವಾರ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೂ ತೋರಿಸಿ. ಗುಣ ಕಂಡಿತು ಅಂತ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಹೋಗಲು ಸಂಕೋಚವೇ? ಟೆಲಿ-ಮಾನಸ್‌ಗೆ ಫೋನ್ ಮಾಡಿ, 14416. ಹಗಲು ರಾತ್ರಿ ಸಿಗುತ್ತಾರೆ, ದುಡ್ಡಿಲ್ಲ.